ಸ್ಯಾಂಪಲ್ ಪೀಸು

ತಿಂಗಳ ಏಳಕ್ಕೋ ಎಂಟಕ್ಕೋ ಬರ್ತೈತೆ
ಕೌಲ್ ಬಜಾರಿನ ನಮ್ಮ ಶೆಡ್ಡಿಗೆ
ಗುಲಾಬಿ ಬಣ್ಣದ ಡಬ್ಬಿ.
ಕೊರಿಯರ್ ಹುಡುಗ ಮೆಟ್ಟಿಲ ಕೆಳಗಿಂದಲೇ ಕೂಗ್ತಾನೆ,
"ಮಿಸ್ ವನ್ನೂರಮ್ಮಾ!"
ಮಿಸ್ಸಂತೆ. ಎರಡು ಹೆತ್ತವಳು ನಾನು.
ಓವರ್‌ಲಾಕು ನಿಲ್ಲಿಸಿ, ಮೈಮೇಲಿನ ದಾರ ಕೊಡವಿ,
ಓಟಿಪಿ ಹೇಳಿ ಬರೋದ್ರೊಳಗೆ
ಮೂವರೂ ಬುತ್ತಿ ಮುಚ್ಚಿ ಕಾದಿರ್ತಾರೆ.

ಮುನ್ನೂರು ರೂಪಾಯಿ, ನಾಲ್ಕು ಪಾಲು.
ಎಪ್ಪತ್ತೈದು ಅಂದ್ರೆ ಮೂವತ್ತು ಪ್ಯಾಂಟಿನ ಜಿಪ್ಪು,
ಸುಂಕಮ್ಮ ಲೆಕ್ಕ ಹಾಕಿ ಇಟ್ಟಿದ್ದಾಳೆ.

ಮೊದಲ ಸಲ ಫೋನಿನಾಗೆ ಪ್ರಶ್ನೆ ಬಂತು:
ನಿಮ್ಮ ಚರ್ಮ ಎಣ್ಣೆಯದೋ, ಒಣಗಿದ್ದೋ, ಎರಡೂ ಕೂಡಿದ್ದೋ?
ನಾಲ್ಕು ಮುಖಕ್ಕೆ ಒಂದೇ ಉತ್ತರ ಆಗಬೇಕು.
ಮಾಬುನ್ನಿ ಅಂದ್ಲು,
ಮುಂಜಾನೆ ಒಣ, ಮಧ್ಯಾಹ್ನ ಎಣ್ಣೆ,
ಸಂಜೆ ಸಂಡೂರಿನ ಲಾರಿ ಹಾದುಹೋದಮೇಲೆ ಬರೀ ಮಣ್ಣು,
ಅದಕ್ಕೊಂದು ಗುಂಡಿ ಐತೇನು ನೋಡು.
ಇರಲಿಲ್ಲ. ಎರಡೂ ಕೂಡಿದ್ದು ಒತ್ತಿದೆ.

ಒಳಗೇನಿರ್ತೈತೆ ಅಂತೀರಾ?
ಬೆರಳುದ್ದದ ಟ್ಯೂಬು.
ಶ್ಯಾಂಪೂ ಚೀಟಿಗಿಂತ ಸಣ್ಣ ಚೀಟಿ.
ಕಣ್ಣ ಕೆಳಗಿನ ಕಪ್ಪಿಗೆ ನಾಲ್ಕು ಹನಿ, ಅದರ ಬೆನ್ನಿಗೇ ಬರೆದಿತ್ತು,
ದಿನಾ ಎಂಟು ತಾಸು ನಿದ್ದೆಯ ಜೊತೆ ಬಳಸಿ ಅಂತ.
ಜಂಬಕ್ಕ ಅದನ್ನ ಮೂರು ಸಲ ಓದಿಸಿ ನಕ್ಕಳು.
ಬಾಬಿನ್ ಕೇಸಿನಲ್ಲಿ ಅಳೆದು ಹಂಚಿಕೊಳ್ತೀವಿ.
ಅಂಟಿ ಉಳಿದಿದ್ದು ಬಿಚ್ಚಿದವಳ ಬೆರಳಿಗೆ,
ಅದು ಕಾಯ್ದೆ.

ಮುಖಕ್ಕೆ ಬಳಿಯೋ ಬಣ್ಣ ಮಾತ್ರ ಯಾರಿಗೂ ಒಗ್ಗಲಿಲ್ಲ.
"ಐವರಿ" ಬಂತು, ಹಚ್ಚಿಕೊಂಡ ಸುಂಕಮ್ಮ
ಸುಣ್ಣ ಹೊಡೆದ ಗೋಡೆ ಆದ್ಲು.
"ಸ್ಯಾಂಡ್" ಬಂತು.
ಹಗರಿ ಹೊಳೆಯ ಮರಳು ನೋಡಿಲ್ಲ ಅವರು.

ಜಂಬಕ್ಕ ನಮಗೆಲ್ಲ ಹಿರಿಯಳು, ಸ್ಯಾಂಪಲ್ ಟೇಬಲ್ಲಿನಾಕೆ.
ಡೆಲ್ಲಿ ಪಾರ್ಟಿಗೆ ತೋರಿಸೋ ಮೊದಲ ಪ್ಯಾಂಟು ಅವಳೇ ಹೊಲಿಯೋದು,
ಒಂದು ನೂಲು ಆಚೀಚೆ ಇರಂಗಿಲ್ಲ.
"ಸ್ಯಾಂಪಲ್ಲು ಯಾವತ್ತೂ ಚೆಂದನೇ ಇರ್ತೈತ್ರೇ,
ಸುಳ್ಳು ಇರೋದು ಲಾಟಿನಾಗೆ" ಅಂತಾಳೆ.
ಹಂಗಂತ ಹೇಳಿ, ತನ್ನ ಪಾಲಿನ ಸೆಂಟಿನ ಸೀಸೆ
ಸೆರಗಿನ ತುದಿಗೆ ಗಂಟು ಹಾಕ್ತಾಳೆ.
ಯಾರಿಗಂತ ನಾವು ಕೇಳಂಗಿಲ್ಲ.

ಆರನೇ ಡಬ್ಬಿಯಲ್ಲಿ
ಕಿರುಬೆರಳಿನಷ್ಟು ಸೀಸೆ, ಉಗುರಿನ ಬಣ್ಣ.
ಮೇಲೆ ಬರೆದಿತ್ತು:
"ಡೆನಿಮ್ ಬ್ಲೂ. ಈ ಸೀಸನ್ನಿನ ಹೊಸ ಮೋಹ."

ಒಂದು ಗಳಿಗೆ ಯಾರೂ ಮಾತಾಡ್ಲಿಲ್ಲ.
ಆಮೇಲೆ ಮಾಬುನ್ನಿ ಹತ್ತೂ ಬೆರಳು
ಡಬ್ಬಿಯ ಮೇಲೆ ಹರಡಿದ್ಲು.
ವಾಷಿಂಗ್ ಯೂನಿಟ್ಟಿನಲ್ಲಿ ಒಂಬತ್ತು ವರ್ಷ ದುಡಿದ ಕೈ.
ಉಗುರಿನ ಬುಡದಾಗೆ, ಗೆಣ್ಣಿನ ಮಡಿಕೆಯಾಗೆ
ನಿಂಬೆಹಣ್ಣಿಗೂ ಬ್ಲೀಚಿಗೂ ಜಗ್ಗದ ನೀಲಿ.
ಮಗಳ ನಿಕಾಹಿಗೆ ಹಚ್ಚಿದ ಮೆಹಂದಿ
ಕೆಂಪೇರದೆ ಕಪ್ಪಾಗಿತ್ತಂತೆ.
"ಇದಕ್ಕೂ ದುಡ್ಡು ಕೊಡ್ತಾರಾ?" ಅಂದ್ಲು.

ನಕ್ಕಿದ್ದೇ ನಕ್ಕಿದ್ದು,
ಮಿಷನ್ನಿಗೆ ಹಣೆ ಆನಿಸಿಕೊಂಡು,
ಸೂಪರ್‌ವೈಸರ್ ಬಂದು ಗದರೋವರೆಗೂ.

ಯಾರಿಗೂ ಬ್ಯಾಡಾದ ಸೀಸೆ ನನ್ನ ಪಾಲಿಗೆ ಬಂತು.
ರಾತ್ರಿ ಕರೆಂಟು ಹೋದಾಗ
ಎಡಗೈ ಹೆಬ್ಬೆರಳಿಗೊಂದಕ್ಕೇ ಹಚ್ಚಿದೆ.
ಮುಂಜಾನೆ ಸಣ್ಣವನು ಕೈ ಹಿಡಿದು ಕೇಳಿದ,
"ಅಮ್ಮಾ, ಇದೊಂದೇ ಯಾಕೆ ಹೊಳಿತೈತೆ?"

ಭಾನುವಾರ ಹತ್ತಿಗೆ ಥಿನ್ನರ್ ಅದ್ದಿ ಒರೆಸಿದೆ.
ಅಂಗಡಿಯದು ಹತ್ತಿಗೆ ಬಂತು.
ಕೆಳಗಿನದು
ಕೂತಲ್ಲೇ ಕೂತಿತ್ತು.

ಏಳನೇದು ಬೇಕೋ ಬ್ಯಾಡೋ ಅಂತ ಈಗ ಮೆಸೇಜು.
ಸುಂಕಮ್ಮ ಎಪ್ಪತ್ತೈದು ಮುಂಗಡ ಕೊಟ್ಟಾಗೈತೆ.
ಜಂಬಕ್ಕ ಸುಮ್ಮನೆ ಸೆರಗಿನ ಗಂಟು ಬಿಚ್ಚಿದ್ಲು, ಎಲ್ಲಾ ಚಿಲ್ಲರೆ.
ಮಾಬುನ್ನಿ ಕಿಟಕಿಯಾಚೆ ನೋಡ್ತಿದ್ಲು,
ಅದಿರಿನ ಲಾರಿ ಸಾಲುಗಟ್ಟಿ ಹೋಗ್ತಿತ್ತು,
"ತರಿಸೇ ವನ್ನೂರಮ್ಮ,
ಈ ಸಲ ಆ ಕೆಂಪು ಕಳಿಸ್ತಾರೇನೋ ನೋಡಾಣ."